‘ಹೋಗಿದೆ’ ಅಂದರೆ ಏನಾಗಿದೆ? ಹಳೇ ಬೈಕು ಮತ್ತು ಗ್ಯಾರೇಜಿನ ಕ್ರಿಯಾಪದಗಳು

ಗೆಳೆಯರೇ, ಗ್ಯಾರೇಜಿನ ಕನ್ನಡದ ಬಗ್ಗೆ ಒಂದು ವಿಚಾರ ಕೇಳಬೇಕು. ಪಿಸ್ಟನ್, ಪ್ಲಗ್, ಕ್ಲಚ್, ಸೈಲೆನ್ಸರ್ ಇಂಥ ಹೆಸರುಗಳ ಬಗ್ಗೆ ಅಲ್ಲ. ಅವು ಹೊರಗಿಂದ ಬಂದು ನಮ್ಮವೇ ಆಗಿವೆ, ಹಾಗೇ ಇರಲಿ. ನನಗೆ ಬೇಕಿರುವುದು ಅವುಗಳ ಪಕ್ಕ ಬಂದು ಕೂರುವ ಕ್ರಿಯಾಪದಗಳ ವಿಷಯ. ಹಿಡಿ, ಕಚ್ಚು, ಕೂರು, ಬಿಡು, ತಿನ್ನು, ಆಡು, ಹೋಗು. ಎಲ್ಲವೂ ಮನೆಮಾತಿನ ಪದಗಳು. ಮೆಕ್ಯಾನಿಕ್ ಹೇಳುವ ಮಾತಿನ ತಿರುಳು ಇರುವುದು ಇವುಗಳಲ್ಲಿ. ಕಡಿಮೆ ದುಡ್ಡಿನಲ್ಲಿ ಹಳೇ ಗಾಡಿ ರೆಡಿ ಮಾಡಿಸುವವರಿಗೆ ಇವುಗಳ ಅರ್ಥ ಗೊತ್ತಿದ್ದರೆ ಖರ್ಚು ನಿಜವಾಗಿಯೂ ಇಳಿಯುತ್ತದೆ.

ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಯೆಜ್ಡಿ ಬೈಕು ಕೊಟ್ಟಿಗೆ ಪಕ್ಕ ನಿಂತುಹೋಗಿತ್ತು. ಅದನ್ನು ರಸ್ತೆಗೆ ತರುವ ಕೆಲಸ ಈಗ ನನ್ನದು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಜಾವಾ, ಯೆಜ್ಡಿ ಹೆಸರಿನಲ್ಲಿ ಬರುತ್ತಿರುವ ಹೊಸ ಬೈಕುಗಳು ಬೇರೆಯೇ. ಅವುಗಳ ಎಂಜಿನ್ ಸಾಮಾನು ಹಳೆಯದಕ್ಕೆ ಕೂರುವುದಿಲ್ಲ. ಹಾಗಾಗಿ ಇರುವ ಸಾಮಾನನ್ನೇ ಉಳಿಸಿಕೊಳ್ಳಬೇಕು. ಯಾವುದನ್ನು ಉಳಿಸಬಹುದು, ಯಾವುದನ್ನು ಬದಲಿಸಲೇಬೇಕು ಅನ್ನುವುದು ಮೆಕ್ಯಾನಿಕ್ ಬಾಯಿಂದ ಬರುವ ಕ್ರಿಯಾಪದದಲ್ಲಿ ಇರುತ್ತದೆ. ಆದರೆ ಎಷ್ಟೋ ಸಲ ಆ ಪದ ನಮ್ಮ ಕಿವಿಗೆ ಬೀಳುವುದೇ ಇಲ್ಲ. ‘ಹೋಗಿದೆ’ ಅಂತ ಮಾತ್ರ ಬೀಳುತ್ತದೆ.

ಕಾರ್ಬರೇಟರ್ ಹೋಗಿದೆ. ಕಾಯಿಲ್ ಹೋಗಿದೆ. ಕ್ಲಚ್ ಹೋಗಿದೆ. ಶಾಕ್ ಹೋಗಿದೆ. ಎಲ್ಲಾ ಹೋಗಿದೆ ಮಾರಾಯ್ರೆ, ಹೊಸದೇ ಹಾಕ್ಬೇಕು.

ಇದನ್ನು ವ್ಯಾಕರಣದ ಕಣ್ಣಿಂದ ನೋಡಿ. ‘ಹೋಗು’ ಇಲ್ಲಿ ಒಂಟಿ ಪದ ಅಲ್ಲ. ಅದರ ಹಿಂದೆ ಇನ್ನೊಂದು ಕ್ರಿಯಾಪದ ಇತ್ತು. ಸವೆದು ಹೋಗಿದೆ, ಸುಟ್ಟು ಹೋಗಿದೆ, ಕಿತ್ತು ಹೋಗಿದೆ, ಒಡೆದು ಹೋಗಿದೆ, ಕೂತು ಹೋಗಿದೆ. ಏನಾಯಿತು ಅಂತ ಹೇಳುವುದು ಮೊದಲನೇ ಪದ. ಅದು ಪೂರ್ತಿ ಆಗಿಬಿಟ್ಟಿತು ಅಂತ ಹೇಳುವುದು ‘ಹೋಗು’. ದಿನಾ ಮಾತಾಡುವಾಗ ಮೊದಲನೆಯದು ಉದುರಿ ಎರಡನೆಯದು ಮಾತ್ರ ಉಳಿದಿದೆ. ಹಾಗೆ ಉದುರಿದ ಪದದ ಜೊತೆ ಕಾಯಿಲೆಯ ಹೆಸರೂ ಉದುರುತ್ತದೆ. ಏನೂ ಆಗದ, ಬರೀ ಕೊಳೆ ಕಟ್ಟಿದ ಸಾಮಾನೂ ಆಗ ‘ಹೋಗಿದೆ’ ಪಟ್ಟಿಗೆ ಸೇರುತ್ತದೆ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬರೇಟರನ್ನೇ ತೆಗೆದುಕೊಳ್ಳೋಣ. ‘ಹೋಗಿದೆ’ ಅಂದಾಗ ‘ಹೋಗಿದೆ ಅಂದ್ರೆ ಎಂತ ಆಗಿದೆ?’ ಅಂತ ಕೇಳಬೇಕು. ಉತ್ತರ ‘ಕಟ್ಕೊಂಡಿದೆ’ ಅಂತ ಬಂದರೆ ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಜೆಟ್ಟಿನ ತೂತಿನಲ್ಲಿ ಹಳೇ ಪೆಟ್ರೋಲಿನ ಅಂಟು ಕೂತಿದೆ ಅಂತ ಅರ್ಥ. ಬಿಚ್ಚಿ ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಹೊಡೆದರೆ ಸಾಕು, ಹೆಚ್ಚು ಖರ್ಚಿಲ್ಲ. ಉಕ್ಕಿನ ಸೂಜಿ ಮಾತ್ರ ಹಾಕಬೇಡಿ. ಜೆಟ್ಟು ಹಿತ್ತಾಳೆಯದು, ತೂತು ದೊಡ್ಡದಾದರೆ ಪೆಟ್ರೋಲು ಜಾಸ್ತಿ ಹೋಗುತ್ತದೆ. ‘ತೂತಾಗಿದೆ’ ಅಂತ ಬಂದರೆ ಅದು ಒಳಗಿನ ಪೆಟ್ರೋಲಿನ ಮೇಲೆ ತೇಲುವ ಫ್ಲೋಟಿನ ಕಥೆ. ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲು ತುಳುಕುವುದು ಕೇಳುತ್ತದೆ. ಬಿಸಿ ನೀರಿನಲ್ಲಿ ಮುಳುಗಿಸಿದರೆ ತೂತು ಇರುವ ಕಡೆ ಗುಳ್ಳೆ ಏಳುತ್ತದೆ. ಒಳಗಿನ ಪೆಟ್ರೋಲನ್ನು ಪೂರ್ತಿ ತೆಗೆದು ಸೀಸದ ಬೆಸುಗೆ ಹಾಕಿದರೆ ಆಯಿತು. ‘ಸವೆದಿದೆ’ ಅಂತ ಬಂದರೆ ಆಕ್ಸಿಲರೇಟರ್ ಕೊಟ್ಟಾಗ ಮೇಲೇಳುವ ಸ್ಲೈಡು ತೆಳ್ಳಗಾಗಿದೆ, ಪಕ್ಕದಿಂದ ಗಾಳಿ ಎಳೆಯುತ್ತಿದೆ. ದುಡ್ಡು ಹಾಕಬೇಕಾದ್ದು ಇದಕ್ಕೆ. ಮೂರು ಕಾಯಿಲೆ, ಮೂರು ಬೇರೆ ಬೇರೆ ಬಿಲ್ಲು. ‘ಹೋಗಿದೆ’ ಮೂರನ್ನೂ ಒಂದೇ ಮಾಡಿಬಿಡುತ್ತದೆ.

ಮೆಕ್ಯಾನಿಕ್ ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ನಾನು ಹೋಗುವ ಶಿವಮೊಗ್ಗದ ಗ್ಯಾರೇಜಿನಲ್ಲಿ ಹಿಂದಿನ ಪದ ಕೇಳಿದ ಕೂಡಲೇ ಅವರು ಕೈಯಲ್ಲಿ ಹಿಡಿದು ತೋರಿಸುತ್ತಾರೆ. ಕೇಳದಿದ್ದರೆ ‘ಹೋಗಿದೆ’ಗೇ ಮಾತು ಮುಗಿಯುತ್ತದೆ, ಅಷ್ಟೇ.

ಈಗ ‘ಹಿಡಿ’. ಗ್ಯಾರೇಜಿನಲ್ಲಿ ನನಗೆ ಅತಿ ಇಷ್ಟವಾದ ಪದ ಇದು. ‘ಬ್ರೇಕ್ ಹಿಡಿಯುತ್ತೆ’ ಅಂದರೆ ಬ್ರೇಕು ಚೆನ್ನಾಗಿದೆ. ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಬ್ರೇಕು ಕೆಟ್ಟಿದೆ, ಚಕ್ರ ತಿರುಗಲು ಬಿಡುತ್ತಿಲ್ಲ. ಧಾತು ಒಂದೇ. ನಡುವೆ ‘ಕೊಳ್ಳು’ ಸೇರಿತು, ಹೊಗಳಿಕೆ ಹೋಗಿ ದೂರು ಬಂತು. ‘ಕೊಳ್ಳು’ ಬಂದಾಗ ಕೆಲಸ ತನ್ನ ಕಡೆಗೇ ತಿರುಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಇಲ್ಲಿ ಅದಕ್ಕಿಂತ ಜಾಸ್ತಿ ನಡೆದಿದೆ. ಹಿಡಿದದ್ದು ಬಿಡುತ್ತಿಲ್ಲ ಅನ್ನುವ ಅರ್ಥ ಸೇರಿದೆ. ‘ಕಟ್ಕೊಂಡಿದೆ’, ‘ಕಚ್ಕೊಂಡಿದೆ’, ‘ಸಿಕ್ಕಿಹಾಕ್ಕೊಂಡಿದೆ’ ಇವೆಲ್ಲ ಇದೇ ಸಾಲಿನವು. ಗ್ಯಾರೇಜಿನಲ್ಲಿ ‘ಕೊಂಡಿದೆ’ ಅಂತ ಮುಗಿಯುವ ದೂರು ಕೇಳಿದರೆ ನನಗೆ ಸಮಾಧಾನ. ಯಾಕೆಂದರೆ ಸಾಮಾನು ಹಾಳಾಗಿದೆ ಅಂತ ಆ ಪದ ಹೇಳುತ್ತಿಲ್ಲ. ಬಿಡಿಸಬೇಕು ಅಂತ ಮಾತ್ರ ಹೇಳುತ್ತಿದೆ.

‘ಎಂಜಿನ್ ಹಿಡಿದಿದೆ’, ಅಂದರೆ ಒಳಗೆ ಸಿಕ್ಕಿ ತಿರುಗುತ್ತಿಲ್ಲ, ಅನ್ನುವುದರಲ್ಲೂ ಎರಡು ಬಗೆ ಇದೆ. ಒಂದು ಓಡುವಾಗ ಹಿಡಿದದ್ದು. ಇನ್ನೊಂದು ನಿಂತಲ್ಲೇ ಹಿಡಿದದ್ದು. ನಮ್ಮ ಕಡೆ ಎರಡಕ್ಕೂ ಒಂದೇ ಮಾತು. ಆದರೆ ಕೆಲಸ ಬೇರೆ ಬೇರೆ.

ಓಡುವಾಗ ಹಿಡಿಯುವುದು ಬಿಸಿಯಿಂದ. ಯೆಜ್ಡಿ ಎರಡು ಸ್ಟ್ರೋಕಿನ ಎಂಜಿನ್. ಪೆಟ್ರೋಲಿಗೆ ಬೆರೆಸಿದ ಆಯಿಲೇ ಸಿಲಿಂಡರಿನ ಒಳಗೆ ಓಡಾಡುವ ಪಿಸ್ಟನ್ನಿಗೆ ಜಾರುವ ಶಕ್ತಿ ಕೊಡುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಪೆಟ್ರೋಲು ಒಳಗೆ ಹೋಗುವುದು ಕಡಿಮೆ, ಜೊತೆಗೆ ಆಯಿಲೂ ಕಡಿಮೆ. ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಅದಕ್ಕೇ ಹಳೇ ಸವಾರರು ಇಳಿಜಾರಿನಲ್ಲಿ ಆಗಾಗ ಒಂದಿಷ್ಟು ಆಕ್ಸಿಲರೇಟರ್ ಕೊಡುತ್ತಿದ್ದರು. ಆಯಿಲು ಸಾಲದೆ ಕಾದರೆ ಅಲ್ಯೂಮಿನಿಯಂ ಪಿಸ್ಟನ್ ಬೀಡುಕಬ್ಬಿಣದ ಸಿಲಿಂಡರಿಗಿಂತ ಜಾಸ್ತಿ ಹಿಗ್ಗುತ್ತದೆ, ಗೋಡೆಯನ್ನು ಹಿಡಿಯುತ್ತದೆ. ಆಮೇಲೆ ಬಿಚ್ಚಿ ನೋಡಿದರೆ ಉದ್ದುದ್ದ ಗೀರು ಬಿದ್ದಿರುತ್ತದೆ. ಗೀರು ಆಳ ಇದ್ದರೆ ಬೋರ್ ಮಾಡಿಸಿ, ಅಂದರೆ ಸಿಲಿಂಡರನ್ನು ಒಳಗಿಂದ ಕೊರೆಸಿ ಅಗಲ ಮಾಡಿಸಿ, 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ ಹಾಕಬೇಕು. ಬಯಲು ಸೀಮೆಯಲ್ಲಿ ‘ಬೋರ್ ಹೊಡೆಸಿದೆ’ ಅಂದರೆ ಕೊಳವೆಬಾವಿ, ಲೇತ್ ಅಂಗಡಿಯಲ್ಲಿ ‘ಬೋರ್ ಮಾಡಿಸಿದೆ’ ಅಂದರೆ ಸಿಲಿಂಡರು. ಹೆಸರುಪದ ಒಂದೇ ಆದರೂ ‘ಹೊಡೆಸು’, ‘ಮಾಡಿಸು’ ಎರಡನ್ನೂ ಬೇರೆ ಮಾಡಿವೆ. ಶಿವಮೊಗ್ಗದಲ್ಲಿ ಈ ಕೆಲಸಕ್ಕೆ ಕೈ ಪಳಗಿದವರು ಸಿಗುತ್ತಾರೆ. ಪಕ್ಕದ ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣದ ಕಾರ್ಖಾನೆ ಶುರುವಾಗಿತ್ತು, ಇಲ್ಲಿ ಸುತ್ತಮುತ್ತ ಫೌಂಡ್ರಿಗಳಿವೆ. ಎರಕ, ಲೇತು ಈ ಊರಿಗೆ ಹೊಸದಲ್ಲ.

ನಿಂತಲ್ಲೇ ಹಿಡಿದದ್ದು ಮಳೆಗಾಲದ ಶೀತದಿಂದ. ಸಿಲಿಂಡರಿನ ಗೋಡೆಗೆ ಬಂದ ತುಕ್ಕು ಪಿಸ್ಟನ್ ರಿಂಗುಗಳನ್ನು ಅಂಟಿಸಿಬಿಡುತ್ತದೆ. ನಮ್ಮ ಗಾಡಿಯದ್ದು ಇದೇ. ಇದಕ್ಕೆ ಮದ್ದು ತಾಳ್ಮೆ. ಪ್ಲಗ್ ಬಿಚ್ಚಿ ಡೀಸೆಲ್ಲೋ ಸೀಮೆಎಣ್ಣೆಯೋ ತೆಳು ಆಯಿಲ್ ಜೊತೆ ಸೇರಿಸಿ ಒಳಗೆ ಬಿಡಬೇಕು. ಕೆಲವು ದಿನ ನೆನೆಯಲಿ. ಆಮೇಲೆ ಗೇರು ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು. ಕಿಕ್ಕರ್ ಮೇಲೆ ನಿಂತು ಒದೆಯಬಾರದು. ಈ ಗಾಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಅದರ ಒಳಗಿನ ಹಲ್ಲು ಮುರಿದರೆ ಕೆಲಸ ಎರಡಾಯಿತು. ಮೆಲ್ಲಗೆ ಬಿಟ್ಟುಕೊಟ್ಟ ಮೇಲೂ ಹೆಡ್ಡು ಬಿಚ್ಚಿ ಗೋಡೆ ನೋಡಲೇಬೇಕು. ತುಕ್ಕಿನ ಬಣ್ಣ ಮಾತ್ರ ಇದ್ದರೆ ಹೋನಿಂಗ್, ಅಂದರೆ ಗೋಡೆಯನ್ನು ಕಲ್ಲಿನಿಂದ ತೆಳುವಾಗಿ ಉಜ್ಜಿಸುವುದು, ಸಾಕು. ಗುಳಿ ಬಿದ್ದಿದ್ದರೆ ಬೋರ್ ಆಗಬೇಕು.

ಕ್ಲಚ್ಚಿನಲ್ಲಿ ಈ ಕ್ರಿಯಾಪದಗಳ ಅಂದ ಇನ್ನೂ ಚೆನ್ನಾಗಿ ಕಾಣುತ್ತದೆ. ‘ಕ್ಲಚ್ ಹಿಡೀತಿಲ್ಲ’ ಅಂದರೆ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಪ್ಲೇಟು ಸವೆದಿದೆ, ಇಲ್ಲವೇ ಸ್ಪ್ರಿಂಗು ಸೋತಿದೆ. ‘ಕ್ಲಚ್ ಬಿಡ್ತಿಲ್ಲ’ ಅಂದರೆ ಲಿವರ್ ಒತ್ತಿದರೂ ಗಾಡಿ ಮುಂದಕ್ಕೆ ತಳ್ಳುತ್ತದೆ, ಗೇರು ಸಲೀಸಾಗಿ ಬೀಳುವುದಿಲ್ಲ. ಮೊದಲು ಕೇಬಲ್ ನೋಡಬೇಕು. ‘ಕ್ಲಚ್ ಕಚ್ಕೊಂಡಿದೆ’ ಅಂದರೆ ಪ್ಲೇಟುಗಳು ಒಂದಕ್ಕೊಂದು ಅಂಟಿವೆ. ಯೆಜ್ಡಿಯ ಕಾರ್ಕ್ ಪ್ಲೇಟುಗಳು ವರ್ಷಗಟ್ಟಲೆ ನಿಂತರೆ ಹೀಗಾಗುತ್ತವೆ. ನಿಧಾನ ಬಿಡಿಸಿ, ಒರೆಸಿ, ಆಯಿಲಿನಲ್ಲಿ ನೆನೆಸಿ ಹಾಕಿದರೆ ಕಾರ್ಕು ಗಟ್ಟಿ ಇರುವ ತನಕ ಹಳೆಯದೇ ನಡೆಯುತ್ತದೆ. ಈ ಮೂರನ್ನೂ ‘ಕ್ಲಚ್ ಹೋಗಿದೆ’ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಹೊಸ ಪ್ಲೇಟ್ ಸೆಟ್ಟಿಗೆ ಸುಮ್ನೆ ದುಡ್ಡು ಕೊಡಬೇಕಾಗುತ್ತದೆ.

‘ಕೂರು’ ಇನ್ನೊಂದು ಚೆಂದದ ಪದ. ‘ರಿಂಗ್ ಕೂತಿದೆ’ ಅಂದರೆ ಒಳ್ಳೆಯ ಸುದ್ದಿ. ಹೊಸ ರಿಂಗು ಗೋಡೆಗೆ ಹೊಂದಿಕೊಂಡಿದೆ, ಇನ್ನು ಗಾಡಿ ಎಳೆಯುತ್ತದೆ. ‘ಶಾಕ್ ಕೂತಿದೆ’ ಅಂದರೆ ಕೆಟ್ಟ ಸುದ್ದಿ. ಸ್ಪ್ರಿಂಗು ಕುಗ್ಗಿದೆ, ಗುಂಡಿಗೆ ಬಿದ್ದರೆ ಬೆನ್ನು ನೋಯುತ್ತದೆ. ಇಲ್ಲಿ ‘ಕೂತು ಹೋಗಿದೆ’ ಅಂತ ಪೂರ್ತಿ ಹೇಳಿದರೆ ಗೊಂದಲವೇ ಇರುವುದಿಲ್ಲ. ರಿಂಗು ‘ಕೂತು ಹೋಗಿದೆ’ ಅಂತ ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಯಾವುದಕ್ಕೆ ‘ಹೋಗು’ ಸೇರಬೇಕು, ಯಾವುದಕ್ಕೆ ಬೇಡ ಅನ್ನುವುದು ಶಾಲೆಗೆ ಹೋಗದ ಮೆಕ್ಯಾನಿಕ್ಕಿಗೂ ತಪ್ಪದೆ ಗೊತ್ತಿದೆ ಅಲ್ವಾ? ನಿಘಂಟು ಮಾಡುವವರು ಈ ಬಳಕೆಗಳನ್ನು ಕೂಡಿಹಾಕಬೇಕು ಅಂತ ನನ್ನ ಆಸೆ. ಎರಡು ಸ್ಟ್ರೋಕಿನ ಗಾಡಿ ರಿಪೇರಿ ಬಲ್ಲ ಹಿರಿಯರು ಇನ್ನೂ ಇದ್ದಾರೆ, ಅವರ ಮಾತು ಈಗಲೇ ಬರೆದಿಟ್ಟುಕೊಳ್ಳಬೇಕು.

ತುಕ್ಕಿನ ವಿಷಯಕ್ಕೆ ಮಲೆನಾಡಿಗಿಂತ ಒಳ್ಳೆಯ ಜಾಗ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಇಲ್ಲಿ ಎರಡು ಮಾತು ನೋಡಿ. ‘ಮಡ್‌ಗಾರ್ಡಿಗೆ ತುಕ್ಕು ಹಿಡಿದಿದೆ.’ ‘ಮಡ್‌ಗಾರ್ಡನ್ನು ತುಕ್ಕು ತಿಂದಿದೆ.’ ಮೊದಲನೆಯದರಲ್ಲಿ ‘ಇಗೆ’, ಎರಡನೆಯದರಲ್ಲಿ ‘ಅನ್ನು’. ಹಿಡಿದದ್ದು ಮೇಲೆ ಕೂತಿದೆ. ತಿಂದದ್ದು ಒಳಗೆ ಹೋಗಿದೆ. ಹಿಡಿದ ತುಕ್ಕಿಗೆ ತಂತಿ ಬ್ರಷ್ಷು, ಉಪ್ಪು ಕಾಗದ, ಆಮೇಲೆ ಪ್ರೈಮರ್ ಸಾಕು. ಮನೆಯಲ್ಲೇ ಮಾಡಬಹುದು. ತಿಂದ ತುಕ್ಕಿಗೆ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು. ಯಾವುದು ಅಂತ ತಿಳಿಯಲು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದ ತಗಡು ಮೊಂಡಾಗಿ ಸದ್ದು ಮಾಡುತ್ತದೆ. ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದರೂ ಅದೇ ಮೊಂಡು ಸದ್ದು.

ಪೆಟ್ರೋಲ್ ಟ್ಯಾಂಕನ್ನು ತುಕ್ಕು ತಿಂದಿದ್ದರೆ ಜಾಗ್ರತೆ. ಟ್ಯಾಂಕು ಖಾಲಿ ಕಂಡರೂ ಒಳಗೆ ಪೆಟ್ರೋಲಿನ ಆವಿ ಇರುತ್ತದೆ, ಬೆಂಕಿ ತಾಗಿದರೆ ಸಿಡಿಯುತ್ತದೆ. ಚೆನ್ನಾಗಿ ತೊಳೆದು, ನೀರು ತುಂಬಿ, ಈ ಕೆಲಸ ಮಾಡಿ ಗೊತ್ತಿರುವವರ ಹತ್ತಿರವೇ ಬೆಸುಗೆ ಹಾಕಿಸಿ. ದುಡ್ಡು ಉಳಿಸುವ ಜಾಗ ಇದಲ್ಲ.

ಹಿತ್ತಾಳೆಗೆ ಮಾತ್ರ ನಮ್ಮಲ್ಲಿ ತುಕ್ಕು ಅನ್ನುವುದಿಲ್ಲ, ಕಿಲುಬು ಅನ್ನುತ್ತೇವೆ. ಹಸಿರು ಬಣ್ಣದ್ದು. ಜೆಟ್ಟಿನ ಕಿಲುಬಿಗೆ ಅಡುಗೆಮನೆಯ ಹುಣಸೆಹಣ್ಣೇ ಸಾಕು. ಕಾರ್ಬರೇಟರಿನ ಮೈಗೆ ಹುಳಿ ಹಾಕಬೇಡಿ, ಅದು ಹಿತ್ತಾಳೆ ಅಲ್ಲ.

ಕಾಗದಪತ್ರದ ಬಗ್ಗೆ ಒಂದು ಮಾತು. ಎಲ್ಲರೂ ಹಳೇ ಗಾಡಿಗೆ ‘ವಿಂಟೇಜ್’ ಅನ್ನುತ್ತಾರೆ. 2021ರ ಕೇಂದ್ರ ಸರ್ಕಾರದ ನಿಯಮದಲ್ಲಿ ಆ ಪದಕ್ಕೆ ಗೊತ್ತಾದ ಅರ್ಥ ಇದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು. 1978ರಲ್ಲಿ ನೋಂದಣಿಯಾದ ಗಾಡಿಗೆ 2028ಕ್ಕೆ ಮೊದಲು ಆ ಹೆಸರು ಸಿಗುವುದಿಲ್ಲ. ಆ ನೋಂದಣಿ ಮಾಡಿಸಿದರೆ ದಿನನಿತ್ಯ ಓಡಿಸುವ ಹಾಗೂ ಇಲ್ಲ. ಅಡಿಕೆ ತೋಟಕ್ಕೆ, ಪೇಟೆಗೆ ಓಡಿಸುವವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳಬೇಕು. ಆರ್‌ಸಿ ಇಲ್ಲದ ಗಾಡಿಯನ್ನು ಅಗ್ಗ ಅಂತ ತರಬೇಡಿ.

ಇನ್ನು ನನ್ನ ಪ್ರಶ್ನೆಗಳು. ಹುಬ್ಬಳ್ಳಿ, ಕಲಬುರಗಿ ಕಡೆಯವರೂ ‘ಬ್ರೇಕ್ ಹಿಡಿಯುತ್ತೆ’, ‘ಹಿಡ್ಕೊಂಡಿದೆ’ ಅನ್ನುವ ವ್ಯತ್ಯಾಸ ಇಟ್ಟುಕೊಂಡಿದ್ದೀರಾ? ಅಥವಾ ಒಂದಕ್ಕೆ ಬೇರೆ ಕ್ರಿಯಾಪದ ಬಳಸುತ್ತೀರಾ? ಮಂಗಳೂರು, ಉಡುಪಿ ಕಡೆಯ ಕನ್ನಡದಲ್ಲಿ ಉಪ್ಪುಗಾಳಿಯ ತುಕ್ಕಿಗೆ ‘ಹಿಡಿ’, ‘ತಿನ್ನು’ ಬಿಟ್ಟು ಇನ್ನೇನು ಬಳಕೆ ಇದೆ? ಚಕ್ರ ಪಕ್ಕಕ್ಕೆ ಅಲುಗಾಡಿದರೆ ನಾವು ‘ಆಡ್ತಿದೆ’ ಅನ್ನುತ್ತೇವೆ, ನೀವು? ಮುಖ್ಯವಾಗಿ, ಓಡುವಾಗ ಹಿಡಿದ ಎಂಜಿನ್ನಿಗೂ ನಿಂತಲ್ಲೇ ಹಿಡಿದ ಎಂಜಿನ್ನಿಗೂ ಬೇರೆ ಬೇರೆ ಪದ ನಿಮ್ಮ ಊರಿನ ಗ್ಯಾರೇಜಿನಲ್ಲಿ ಇದೆಯಾ? ಇದ್ದರೆ ಆಡುವ ಹಾಗೇ, ಪೂರ್ತಿ ವಾಕ್ಯದಲ್ಲಿ ಬರೆದು ಕಳಿಸಿ. ಊರಿನ ಹೆಸರೂ ಹಾಕಿ.