ಬಟನ್ ಸ್ಟಾರ್ಟ್ ಕಾರು, ಮನೆಯಲ್ಲಿ ಮೂವರು ಓಡಿಸುವವರು: ನಮ್ಮ ಎರಡು ಮನೆಗಳ ಅನುಭವ

ನೀವು ಕೇಳಿದ್ದು ಇಷ್ಟು: ಹೊಸ ಕಾರು ಬಂದಿದೆ, ಕೀ ತಿರುಗಿಸುವ ಜಾಗವೇ ಇಲ್ಲ, ಬಟನ್ ಒತ್ತಿ ಸ್ಟಾರ್ಟ್ ಮಾಡಬೇಕು. ನೀವು, ನಿಮ್ಮ ಯಜಮಾನರು, ಮಾವನವರು ಮೂವರೂ ಓಡಿಸುತ್ತೀರಿ. ಮಾವನವರಿಗೆ ಹಳೇ ಕೀ ಅಭ್ಯಾಸ, ಮನೆಯಲ್ಲಿ ಪುಟ್ಟ ಮಗು ಬೇರೆ. ಯಾವುದಕ್ಕೆ ಹುಷಾರಾಗಿರಬೇಕು?

ನಮ್ಮ ಮನೆಯಲ್ಲೂ ಹೆಚ್ಚುಕಮ್ಮಿ ಇದೇ ಪರಿಸ್ಥಿತಿ. ನಾನು, ನನ್ನ ಹೆಂಡತಿ, ಅಪ್ಪ ಮೂವರೂ ಒಂದೇ ಕಾರು ಓಡಿಸುತ್ತೇವೆ. ಅಕ್ಕನ ಮನೆಯಲ್ಲೂ ಇಂಥದ್ದೇ ಕಾರಿದೆ. ಎರಡೂ ಮನೆಯದ್ದು ಸೇರಿಸಿ ಹೇಳುತ್ತೇನೆ.

ಬಟನ್ ಒತ್ತುವುದನ್ನು ಕಲಿಯುವುದಕ್ಕೆ ಒಂದು ದಿನ ಸಾಕು, ಮಾವನವರಿಗೂ ಸಾಕು. ಆಟೋಮ್ಯಾಟಿಕ್ ಆದರೆ ಬ್ರೇಕ್ ಒತ್ತಿ ಹಿಡಿದು ಬಟನ್, ಮ್ಯಾನ್ಯುಯಲ್ ಆದರೆ ಕ್ಲಚ್ ಒತ್ತಿ ಬಟನ್, ಅಷ್ಟೇ. ಕಾಲು ಇಡದೆ ಒತ್ತಿದರೆ ಎಂಜಿನ್ ಶುರುವಾಗುವುದಿಲ್ಲ, ಬರೀ ರೇಡಿಯೊ, ಡ್ಯಾಶ್‌ಬೋರ್ಡ್ ಲೈಟು ಆನ್ ಆಗುತ್ತವೆ. ಕಷ್ಟ ಇರುವುದು ಬೇರೆ ಕಡೆ. ಮೊದಲೆಲ್ಲ ಕೀ ಸಿಕ್ಕಿಸಿದ್ದರೆ ಗಾಡಿ ಆನ್, ಕೀ ಕೈಗೆ ಬಂತು ಅಂದರೆ ಆಫ್. ಕೀ ಎಲ್ಲಿದೆ, ಯಾರ ಹತ್ತಿರ ಇದೆ, ಎಂಜಿನ್ ನಿಂತಿದೆಯೋ ಇಲ್ಲವೋ, ಇದೆಲ್ಲ ಕೈಗೇ ಗೊತ್ತಾಗುತ್ತಿತ್ತು. ಈಗ ಕೀ ಅಂದರೆ ಸೆಲ್ ಹಾಕಿದ ಪುಟ್ಟ ರಿಮೋಟ್, ಅದು ಕಾರಿನೊಳಗೆ ಇದ್ದರೆ ಸಾಕು, ಜೇಬಿನಲ್ಲಿದ್ದರೂ ಬಟನ್ ಒತ್ತಿದರೆ ಸ್ಟಾರ್ಟ್. ಒಂದಕ್ಕೊಂದು ಸಂಬಂಧವೇ ಇಲ್ಲ. ಒಬ್ಬರೇ ಓಡಿಸುವ ಕಾರಾದರೆ ಇದು ಅಷ್ಟು ಕಾಡುವುದಿಲ್ಲ, ಮೂವರು ಓಡಿಸುವ ಕಾರಿನಲ್ಲಿ ಎಲ್ಲಾ ತಾಪತ್ರಯ ಇಲ್ಲಿಂದಲೇ ಶುರು.

ಅಕ್ಕನ ಮನೆಯಲ್ಲಿ ಆದದ್ದು ಹೇಳುತ್ತೇನೆ. ಭಾವ ಊರಿಗೆ ಹೊರಟಿದ್ದರು. ಸ್ಟೇಷನ್‌ವರೆಗೆ ಅವರೇ ಓಡಿಸಿಕೊಂಡು ಹೋದರು. ಎಂಜಿನ್ ಆನ್ ಇದ್ದಂತೆಯೇ ಇಳಿದು, ಡಿಕ್ಕಿಯಿಂದ ಬ್ಯಾಗ್ ತೆಗೆದುಕೊಂಡು ಓಡಿದರು. ಅಕ್ಕ ಪಕ್ಕದ ಸೀಟಿನಿಂದ ಈ ಕಡೆ ಬಂದು ಕೂತು ಗಾಡಿ ಓಡಿಸಿಕೊಂಡು ಹೊರಟಳು. ಗಾಡಿ ಕೀಂಕ್ ಕೀಂಕ್ ಅಂದಿತು, ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರವೂ ಬಂತು. ಹಿಂದೆ ಹಾರ್ನ್ ಗದ್ದಲ, ಮಕ್ಕಳ ಮಾತು, ಬಾಗಿಲು ಸರಿಯಾಗಿ ಹಾಕಿಲ್ಲವೇನೋ ಅಂದುಕೊಂಡಳಂತೆ. ದಾರಿಯಲ್ಲಿ ತರಕಾರಿ ತೆಗೆದುಕೊಳ್ಳಲು ನಿಲ್ಲಿಸಿ ಆಫ್ ಮಾಡಿದಳು. ವಾಪಸ್ ಬಂದು ಬಟನ್ ಒತ್ತಿದರೆ ‘ಕೀ ಇಲ್ಲ’. ಕೀ ಭಾವನ ಷರ್ಟಿನ ಜೇಬಿನಲ್ಲಿ, ಭಾವ ರೈಲಿನಲ್ಲಿ. ಇನ್ನೊಂದು ಕೀ ಮನೆಯ ಬೀರುವಿನಲ್ಲಿ. ಬೀರುವಿನ ಕೀ ಅಕ್ಕನ ಹತ್ತಿರ. ಪಕ್ಕದ ಮನೆಯವರ ಸ್ಕೂಟರಿನಲ್ಲಿ ಹೋಗಿ ತಂದು ಗಾಡಿ ಬಿಡಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಕೀ ದೂರ ಹೋದರೆ ಎಂಜಿನ್ ತಾನಾಗಿ ನಿಲ್ಲಬಾರದೇ ಅಂತ ಅನಿಸುತ್ತದೆ. ನಿಲ್ಲುವುದಿಲ್ಲ, ನಿಲ್ಲಲೂಬಾರದು. ಹೈವೇಯಲ್ಲಿ ಓಡುವಾಗ ಕೀಯ ಸೆಲ್ ಖಾಲಿಯಾಯಿತು ಅಂದುಕೊಳ್ಳಿ, ಆಗ ಗಾಡಿ ನಿಂತರೆ ಗತಿ ಏನು? ಅದಕ್ಕೇ ಕಾರು ಬರೀ ಕೂಗಿ ಎಚ್ಚರಿಸುತ್ತದೆ. ಒಮ್ಮೆ ಆಫ್ ಮಾಡಿದ ಮೇಲೆ ಮಾತ್ರ ಮತ್ತೆ ಸ್ಟಾರ್ಟ್ ಆಗಲು ಕೀ ಒಳಗೇ ಇರಬೇಕು.

ಇದಾದ ಮೇಲೆ ನಮ್ಮ ಎರಡೂ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ, ನಿಮಗೂ ಮೊದಲು ಇದನ್ನೇ ಹೇಳುತ್ತೇನೆ. ಡ್ರೈವರ್ ಬದಲಾದರೆ ಎಂಜಿನ್ ಆಫ್. ಹೊಸದಾಗಿ ಕೂತವರು ತಾವೇ ಸ್ಟಾರ್ಟ್ ಮಾಡಬೇಕು, ಅದೂ ಇಳಿದವರು ಗಾಡಿಯಿಂದ ನಾಲ್ಕು ಹೆಜ್ಜೆ ದೂರ ಹೋದ ಮೇಲೆ. ಸ್ಟಾರ್ಟ್ ಆಯಿತು ಅಂದರೆ ಕೀ ಒಳಗಿದೆ. ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ನೆನಪಿಡಬೇಕಾಗಿಲ್ಲ. ಕೀ ಜೇಬಿನಲ್ಲಿರಲಿ ಅಂತ ಕೆಲವರು ಹೇಳುತ್ತಾರೆ. ಒಬ್ಬರೇ ಓಡಿಸುವುದಾದರೆ ಅದು ಸರಿ. ಮೂವರು ಓಡಿಸುವಾಗ ನನ್ನ ಮಟ್ಟಿಗೆ ಗೇರ್ ಪಕ್ಕದ ತಟ್ಟೆಯೇ ವಾಸಿ, ಎಲ್ಲರಿಗೂ ಕಣ್ಣಿಗೆ ಕಾಣುತ್ತದೆ. ಇಳಿಯುವಾಗ ಅದನ್ನು ಕೈಗೆತ್ತಿಕೊಳ್ಳದೆ ಬಾಗಿಲು ತೆಗೆಯಬಾರದು, ಅಷ್ಟೇ.

ಎರಡನೆಯದು ಇದಕ್ಕಿಂತ ಗಂಭೀರ: ಎಂಜಿನ್ ನಿಂತಿದೆ ಅಂತ ಅಂದುಕೊಂಡು ಇಳಿದುಬಿಡುವುದು. ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ನಿಲ್ಲಿಸುವ ವ್ಯವಸ್ಥೆ ನಿಮ್ಮ ಕಾರಿನಲ್ಲಿದ್ದರೆ ಇದನ್ನು ಮಾವನವರಿಗೆ ಬಿಡಿಸಿ ಹೇಳಲೇಬೇಕು. ಮನೆ ಮುಂದೆ ಬ್ರೇಕ್ ಹಾಕಿ ನಿಂತಾಗ ಎಂಜಿನ್ ಸದ್ದು ನಿಲ್ಲುತ್ತದೆ, ಕಿವಿಗೆ ಗಾಡಿ ಆಫ್ ಆದ ಹಾಗೇ ಕೇಳುತ್ತದೆ. ಆದರೆ ಗಾಡಿ ಆನ್ ಇದೆ, ಗೇರೂ ಡಿ ಯಲ್ಲೇ, ಅಂದರೆ ಮುಂದೆ ಓಡುವ ಗೇರಿನಲ್ಲೇ, ಇರಬಹುದು. ಹೈಬ್ರಿಡ್ ಕಾರಿನಲ್ಲಂತೂ ನಿಂತಲ್ಲಿ ಸದ್ದೇ ಇರುವುದಿಲ್ಲ, ಬ್ಯಾಟರಿ ಇಳಿದಾಗ ಎಂಜಿನ್ ತಾನೇ ಶುರುವಾಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಹೀಗಾದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮನೆಯೊಳಗೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಹೀಗೆ ಜೀವಗಳೇ ಹೋಗಿವೆ. ಗ್ಯಾರೇಜು ಮನೆಗೆ ಅಂಟಿಕೊಂಡಿದ್ದರೆ ಆ ಅನಿಲ ಪತ್ತೆ ಮಾಡುವ ಅಲಾರಂ ಒಂದು ಹಾಕಿಸಿಬಿಡಿ.

ಅಪ್ಪನಿಗೆ ನಾವು ಕಲಿಸಿದ್ದು ಕಿವಿ ನಂಬಬೇಡಿ, ಡ್ಯಾಶ್‌ಬೋರ್ಡ್ ನೋಡಿ ಅಂತ. ಪೂರ್ತಿ ನಿಂತ ಮೇಲೆ ಗೇರನ್ನು ಪಿ ಗೆ (ಪಾರ್ಕಿಂಗ್‌ಗೆ) ಹಾಕಬೇಕು, ಹ್ಯಾಂಡ್‌ಬ್ರೇಕ್ ಎಳೆಯಬೇಕು, ಬಟನ್ ಒತ್ತಬೇಕು, ಮೀಟರಿನ ಲೈಟೆಲ್ಲ ಆರುವುದನ್ನು ಕಣ್ಣಾರೆ ನೋಡಿ ಆಮೇಲೆ ಬೆಲ್ಟ್ ಬಿಚ್ಚಬೇಕು. ಬೆಲ್ಟ್ ಕೊನೆಗೆ ಅನ್ನುವುದು ಅಪ್ಪನೇ ಮಾಡಿಕೊಂಡ ನಿಯಮ, ಅದು ನಿಜಕ್ಕೂ ಕೆಲಸ ಮಾಡುತ್ತಿದೆ. ಪಿ ಗೆ ಹಾಕದೆ ಬಟನ್ ಒತ್ತಿದರೆ ಎಷ್ಟೋ ಕಾರುಗಳಲ್ಲಿ ಎಂಜಿನ್ ಮಾತ್ರ ನಿಂತು ಉಳಿದದ್ದು ಆನ್ ಆಗಿಯೇ ಇರುತ್ತದೆ. ಇಳಿಜಾರಾದರೆ ಗಾಡಿ ಉರುಳಬಹುದು, ಇಲ್ಲದಿದ್ದರೆ ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ.

ಓಡುವಾಗಲೇ ನಿಲ್ಲಿಸಬೇಕಾಗಿ ಬಂದರೆ? ಇದು ಮೂವರಿಗೂ ಗೊತ್ತಿರಲಿ. ಬಟನ್ ಅನ್ನು ಒಂದು ಸಲ ತಟ್ಟಿದರೆ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು, ಇಲ್ಲವೇ ಬೇಗ ಬೇಗ ಮೂರ್ನಾಲ್ಕು ಸಲ ಒತ್ತಬೇಕು, ನಿಮ್ಮ ಕಾರಿನದ್ದು ಯಾವುದು ಅಂತ ಪುಸ್ತಕದಲ್ಲಿ ನೋಡಿಟ್ಟುಕೊಳ್ಳಿ. ಎಂಜಿನ್ ನಿಂತರೆ ಸ್ಟೀರಿಂಗ್ ಭಾರ ಆಗುತ್ತದೆ, ಬ್ರೇಕ್‌ಗೂ ಜಾಸ್ತಿ ಬಲ ಹಾಕಬೇಕಾಗುತ್ತದೆ. ಹಾಗಾಗಿ ಆಕ್ಸಿಲರೇಟರ್ ಸಿಕ್ಕಿಕೊಂಡರೂ ಮೊದಲು ಬ್ರೇಕ್, ನ್ಯೂಟ್ರಲ್, ರಸ್ತೆ ಬದಿ. ಬಟನ್ ಆಮೇಲೆ.

ಈಗ ಎಲ್ಲರಿಗೂ ಇರುವ ಭಯ, ಕೀಯ ಸೆಲ್ ಸತ್ತರೆ ಏನು ಅನ್ನುವುದು. ಇದು ಅಂಥ ದೊಡ್ಡ ವಿಷಯವೇ ಅಲ್ಲ, ಒಮ್ಮೆ ಮಾಡಿ ನೋಡಿರಬೇಕು ಅಷ್ಟೇ. ಕಾರು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಒಂದು ಸಣ್ಣ ಸಂಕೇತ ಕಳಿಸುತ್ತದೆ, ಅದು ಬಾಗಿಲಿನ ಸುತ್ತ ಹೆಚ್ಚುಕಮ್ಮಿ ಒಂದು ಮೀಟರ್ ಮಾತ್ರ ಮುಟ್ಟುತ್ತದೆ. ಅದು ಕೇಳಿಸಿದಾಗ ಕೀ ತನ್ನ ರೇಡಿಯೊದಿಂದ ಉತ್ತರ ಕೊಡುತ್ತದೆ. ಹೀಗೆ ಕೀ ಸದಾ ಕಿವಿಗೊಟ್ಟು ಕೂತಿರುವುದರಿಂದಲೇ ಸೆಲ್ ಬೇಗ ಖಾಲಿ. ಗಾಡಿ ಪಕ್ಕದಲ್ಲೇ ಕೀ ನೇತುಹಾಕಿದರೆ ಇನ್ನೂ ಬೇಗ. ಮೊಬೈಲ್‌ಗೆ ಅಂಟಿಸಿ ಇಟ್ಟರೆ, ವೈರ್‌ಲೆಸ್ ಚಾರ್ಜರ್ ಪಕ್ಕ ಇಟ್ಟರೆ ‘ಕೀ ಇಲ್ಲ’ ಅಂತ ಸುಳ್ಳು ಎಚ್ಚರಿಕೆ ಬರುವುದೂ ಉಂಟು.

ಒಂದು ರಜಾದಿನ ಅಪ್ಪನನ್ನು ಕೂರಿಸಿಕೊಂಡು ನಾವು ಸೆಲ್ ತೆಗೆದೇ ಅಭ್ಯಾಸ ಮಾಡಿದೆವು. ಕೀಯ ಒಂದು ಪಕ್ಕದಲ್ಲಿ ಸಣ್ಣ ಲಾಚು ಇರುತ್ತದೆ, ಅದನ್ನು ಸರಿಸಿ ಎಳೆದರೆ ಒಳಗಿನಿಂದ ಪುಟ್ಟ ಸಾದಾ ಕೀ ಬರುತ್ತದೆ. ಡ್ರೈವರ್ ಬಾಗಿಲಿನ ಹಿಡಿಯಲ್ಲಿ ಬೀಗದ ತೂತು ಹೊರಗೆ ಕಾಣುವುದೇ ಇಲ್ಲ, ಅದಕ್ಕೆ ಒಂದು ಪ್ಲಾಸ್ಟಿಕ್ ಮುಚ್ಚಳ. ನಮ್ಮದರಲ್ಲಿ ಹಿಡಿಯನ್ನು ಪೂರ್ತಿ ಎಳೆದು ಹಿಡಿದು, ಕೆಳಗಿನ ಸಂದಿಗೆ ಅದೇ ಪುಟ್ಟ ಕೀಯ ತುದಿ ಹಾಕಿ ಮೀಟಬೇಕು. ಮುಚ್ಚಳ ಟಕ್ ಅಂತ ಬಿಟ್ಟುಕೊಳ್ಳುತ್ತದೆ, ಬಣ್ಣ ಗೀರಬಹುದು, ನಿಧಾನ. ಬಾಗಿಲು ತೆಗೆದ ಕೂಡಲೇ ಅಲಾರಂ ಹೊಡೆದುಕೊಂಡಿತು, ಅದಕ್ಕೆ ಗಾಬರಿ ಬೇಡ. ಒಳಗೆ ಕೂತು ಬ್ರೇಕ್ ಒತ್ತಿ, ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದೆವು. ಸೆಲ್ ಇಲ್ಲದೆಯೂ ಸ್ಟಾರ್ಟ್ ಆಯಿತು, ಅಲಾರಂ ಸುಮ್ಮನಾಯಿತು. ಕೀಯೊಳಗಿನ ಚಿಪ್‌ಗೆ ಅಷ್ಟು ಹತ್ತಿರದಲ್ಲಿ ಕಾರಿನ ಕಡೆಯಿಂದಲೇ ಶಕ್ತಿ ಸಿಗುತ್ತದೆ. ಕೆಲವು ಕಾರುಗಳಲ್ಲಿ ಬಟನ್‌ಗಲ್ಲ, ಕಪ್ ಇಡುವ ಜಾಗದಲ್ಲೋ ಸ್ಟೀರಿಂಗ್ ಕೆಳಗೋ ಗುರುತಿಸಿದ ಜಾಗದಲ್ಲಿ ಇಡಬೇಕು. ಕತ್ತಲಲ್ಲಿ, ಮಳೆಯಲ್ಲಿ ಆ ಜಾಗ ಹುಡುಕುವುದಕ್ಕಿಂತ ಈಗಲೇ ನೋಡಿಟ್ಟುಕೊಳ್ಳುವುದು ಮೇಲು ಅಲ್ವಾ. ಅಪ್ಪನಿಗೆ ಅವತ್ತಿನಿಂದ ಈ ಕಾರಿನ ಮೇಲೆ ಧೈರ್ಯ ಬಂತು. ಮಾವನವರಿಗೂ ಹೀಗೆ ಕೈಯಾರೆ ಮಾಡಿಸಿ, ಬರೀ ಹೇಳಿದರೆ ಸಾಲದು.

ಸೆಲ್ ವಿಷಯದಲ್ಲಿ ಮಗು ಇರುವ ಮನೆಗೆ ಒಂದು ಮಾತು ಒತ್ತಿ ಹೇಳಬೇಕು. ಬಹಳಷ್ಟು ಕೀಗಳಲ್ಲಿ ಹಾಕುವುದು ಸಿಆರ್ 2032 ಅನ್ನುವ ನಾಣ್ಯದಂಥ ಸೆಲ್, 3 ವೋಲ್ಟ್, ಅಡ್ಡಳತೆ 20 ಮಿಲಿಮೀಟರ್. ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವುದಕ್ಕೆ ಸರಿಯಾದ ಅಳತೆ ಅದು, ಎರಡೇ ಗಂಟೆಯಲ್ಲಿ ಒಳಗೆ ಸುಟ್ಟು ಗಾಯ ಮಾಡಬಲ್ಲದು. ಕೆಲಸಕ್ಕೆ ಬಾರದ ಹಳೇ ಸೆಲ್ಲೂ ಅಷ್ಟೇ ಅಪಾಯ. ಬದಲಾಯಿಸಿದ ಸೆಲ್ ಮೇಜಿನ ಮೇಲೆ ಬಿಡಬೇಡಿ, ಎರಡೂ ಕಡೆ ಟೇಪ್ ಸುತ್ತಿ ಮಗುವಿನ ಕೈಗೆ ಸಿಗದ ಹಾಗೆ ಎತ್ತಿಡಿ. ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಕಾಯಬೇಡಿ, ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆ. ಹಾಗೇ ಕೀ ಆಟದ ಸಾಮಾನಾಗಬಾರದು. ಮಗುವನ್ನು ಕೀ ಜೊತೆ ಕಾರಿನೊಳಗೆ ಬಿಟ್ಟು ಒಂದು ನಿಮಿಷ ಅಂತ ಕೂಡ ಇಳಿಯಬೇಡಿ. ಒಳಗಿನಿಂದ ಲಾಕ್ ಒತ್ತಿಬಿಟ್ಟರೆ ಬಿಸಿಲಲ್ಲಿ ಗಾಡಿ ಎಷ್ಟು ಬೇಗ ಕಾಯುತ್ತದೆ ಅಂತ ಗೊತ್ತಲ್ಲ.

ಕಳ್ಳತನದ ಬಗ್ಗೆ ತುಂಬಾ ಜನ ಹೆದರಿಸುತ್ತಾರೆ. ಹೆದರಿಕೆಗೆ ಆಧಾರ ಇದೆ. ಒಬ್ಬ ಮನೆಯ ಬಾಗಿಲ ಹತ್ತಿರ, ಇನ್ನೊಬ್ಬ ಕಾರಿನ ಹತ್ತಿರ ಸಿಗ್ನಲ್ ದಾಟಿಸುವ ಸಾಧನ ಹಿಡಿದು ನಿಂತು, ಒಳಗಿರುವ ಕೀ ಕಾರಿನ ಪಕ್ಕದಲ್ಲೇ ಇದೆ ಅಂತ ಕಾರನ್ನು ನಂಬಿಸುತ್ತಾರೆ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು 2011ರಲ್ಲೇ 8 ಕಂಪನಿಗಳ 10 ಕಾರುಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಹೊಸ ಕೆಲವು ಕೀಗಳು ಅಲ್ಲಾಡದೆ ಇದ್ದರೆ ತಾವೇ ಮಲಗುತ್ತವೆ, ಕಾರಿಗೆ ಉತ್ತರ ಕೊಡುವುದಿಲ್ಲ, ಕೆಲವು ಕಾರುಗಳಲ್ಲಿ ಕೀ ಎಷ್ಟು ದೂರ ಇದೆ ಅಂತ ಅಳೆಯುವ ವ್ಯವಸ್ಥೆಯೂ ಬಂದಿದೆ. ನಿಮ್ಮದರಲ್ಲಿ ಇದೆಯಾ ಅಂತ ಶೋರೂಮಿನಲ್ಲಿ ಕೇಳಿ. ಇಲ್ಲದಿದ್ದರೆ ಕೀಯನ್ನು ಮುಂಬಾಗಿಲ ಹತ್ತಿರ ನೇತುಹಾಕಬೇಡಿ, ಸಿಗ್ನಲ್ ತಡೆಯುವ ಚೀಲದಲ್ಲಿ ಇಡಿ. ಚೀಲ ಕೊಂಡ ದಿನವೇ ಕೀ ಅದರೊಳಗೆ ಹಾಕಿಕೊಂಡು ಬಾಗಿಲಿನ ಹಿಡಿ ಮುಟ್ಟಿ, ತೆರೆದುಕೊಂಡರೆ ಆ ಚೀಲ ಬೇಡ. ಮಡಿಸಿ ಮಡಿಸಿ ಒಳಪದರ ಹರಿಯುತ್ತದೆ, ಆಗಾಗ ಮತ್ತೆ ನೋಡಬೇಕು.

ಎರಡನೇ ಕೀಯನ್ನು ಬೀರುವಿನಲ್ಲಿ ಹಾಕಿ ಮರೆಯಬೇಡಿ. ನಾವು ಒಂದು ತಿಂಗಳು ಇದು, ಒಂದು ತಿಂಗಳು ಅದು ಬಳಸುತ್ತೇವೆ, ಸೆಲ್ ಇಳಿದಿದ್ದರೆ ಗೊತ್ತಾಗುತ್ತದೆ. ಅದನ್ನು ಯಾವತ್ತೂ ಕಾರಿನೊಳಗೆ ಇಡಬೇಡಿ, ಒಳಗೆ ಹೊಕ್ಕವರು ಯಾರು ಬೇಕಾದರೂ ಬಟನ್ ಒತ್ತಿ ಹೊರಡಬಹುದು. ಒಂದು ಕಳೆದುಹೋದರೆ ಹೊಸದು ಮಾಡಿಸುವಾಗ ಹಳೆಯದನ್ನು ಕಾರಿನ ನೆನಪಿನಿಂದ ತೆಗೆಸಿ, ನೀವು ಕೇಳದಿದ್ದರೆ ಶೋರೂಮಿನವರು ತಾವಾಗಿ ಮಾಡಲಿಕ್ಕಿಲ್ಲ.

ನಿಮ್ಮದು ಆಟೋಮ್ಯಾಟಿಕ್ಕಾ ಮ್ಯಾನ್ಯುಯಲ್ಲಾ, ಹೈಬ್ರಿಡ್ಡಾ ಅಂತ ಹೇಳಿಲ್ಲ. ಹೇಳಿದರೆ ಮಾವನವರಿಗೆ ಕಲಿಸುವಾಗ ಯಾವುದನ್ನು ಮೊದಲು ಹಿಡಿಯಬೇಕು ಅಂತ ಇನ್ನೂ ನಿಖರವಾಗಿ ಹೇಳಬಲ್ಲೆ.