ವಿಂಡೋಸ್ 10 ಮುಗೀತು, ಡಿಟಿಪಿ ಅಂಗಡಿಗೆ ಲಿನಕ್ಸ್ ನಂಬಬಹುದಾ?

ತುಂಗಾತೀರ:
ತೀರ್ಥಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಎರಡು ಕಂಪ್ಯೂಟರ್, ಎರಡೂ ಆರನೇ ತಲೆಮಾರಿನ ಐ3. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು ಅನ್ನುತ್ತದೆ. ಚೆನ್ನಾಗಿ ಓಡುತ್ತಿರುವ ಮೆಷಿನ್ ಬಿಸಾಡಲು ಮನಸ್ಸಿಲ್ಲ. ನುಡಿ ತಂತ್ರಾಂಶದಲ್ಲಿ ಕನ್ನಡ ಅರ್ಜಿ, ಕರಾರುಪತ್ರ ಟೈಪಿಂಗ್, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ, ಸೇವಾ ಸಿಂಧು ಅರ್ಜಿ, ಮತ್ತೆ ದಿನವಿಡೀ ಪ್ರಿಂಟ್, ಇಷ್ಟೇ ನಮ್ಮ ಕೆಲಸ. ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಗಟ್ಟಿ, ಕೈಕೊಡಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಗಿರಾಕಿ ಎದುರಿಗೆ ನಿಂತಿರುವಾಗ ಪ್ರಿಂಟ್ ಬರದಿದ್ದರೆ ಆ ಗಟ್ಟಿತನ ಇಟ್ಟುಕೊಂಡು ಏನು ಮಾಡಲಿ? ಬಳಸಿದವರು ಹೇಳಿ.

ಸರ್ವರ್_ಹುಡುಗ:
ಗಟ್ಟಿತನದ ಮಾತು ನಿಜ ಸರ್. 2017ರ ನವೆಂಬರ್‌ನಿಂದ ಜಗತ್ತಿನ ಟಾಪ್ 500 ಸೂಪರ್ ಕಂಪ್ಯೂಟರ್ ಪಟ್ಟಿಯಲ್ಲಿ ಇರುವುದೆಲ್ಲ ಲಿನಕ್ಸೇ. ಆದರೆ ಅದು ನಿಮ್ಮ ಅಂಗಡಿಗೆ ಉತ್ತರ ಅಲ್ಲ, ಯಾಕೆಂದರೆ ಅಲ್ಲಿ ಪ್ರಿಂಟರ್ ಇಲ್ಲ, ನುಡಿ ಇಲ್ಲ. ಸಿಸ್ಟಮ್ ಬೀಳುವುದು ಜಾಸ್ತಿ ಹೊರಗಿನವರು ಬರೆದ ಡ್ರೈವರ್‌ಗಳಿಂದ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪನಿಯ ಸೆಕ್ಯುರಿಟಿ ಸಾಫ್ಟ್‌ವೇರ್‌ನ ಒಂದು ಕೆಟ್ಟ ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್ ನೀಲಿ ಪರದೆಗೆ ಬಂದು ನಿಂತವು, ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಅದಕ್ಕೆ ಕೆಲವು ವಾರ ಮೊದಲು ಅದೇ ಸಾಫ್ಟ್‌ವೇರ್‌ನಿಂದ ರೆಡ್ ಹ್ಯಾಟ್ ಲಿನಕ್ಸ್‌ನಲ್ಲೂ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಕ್ರ್ಯಾಶ್ ಆಗುತ್ತಿತ್ತು. ಹಾಗಾಗಿ ಎರಡರಲ್ಲೂ ಬೇಡದ್ದನ್ನು ತುಂಬದಿದ್ದರೆ ಎರಡೂ ಗಟ್ಟಿಯಾಗಿ ಓಡುತ್ತವೆ.

ಲಿನಕ್ಸ್‌ನಲ್ಲಿ ನನಗೆ ಇಷ್ಟ ಆಗುವುದು ಬೇರೆ. ಅಪ್‌ಡೇಟ್ ಯಾವಾಗ ಅನ್ನುವುದು ನಮ್ಮ ಕೈಯಲ್ಲಿರುತ್ತದೆ. ಹೊಸ ಕರ್ನಲ್ ತೊಂದರೆ ಕೊಟ್ಟರೆ ಬೂಟ್ ಆಗುವಾಗ ಹಳೆಯದನ್ನು ಆರಿಸಬಹುದು. ಮಿಂಟ್ ಅನ್ನುವ ಲಿನಕ್ಸ್‌ನಲ್ಲಿ ಟೈಮ್‌ಶಿಫ್ಟ್ ಅಂತ ಇದೆ, ಅದರಲ್ಲಿ ಸಿಸ್ಟಮ್‌ನ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಪ್ರತಿ) ಇಟ್ಟುಕೊಂಡಿದ್ದರೆ ಸಿಸ್ಟಮ್ ನಿನ್ನೆ ಹೇಗಿತ್ತೋ ಹಾಗೆ ವಾಪಸ್ ಬರುತ್ತದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ, ನಿಮ್ಮ ಐ3ಗೆ ಅದು ಭಾರ ಆಗಲ್ಲ.

ಅಕ್ಷರಜೋಡಕ:
ನಾನೂ ಡಿಟಿಪಿಯವನೇ, ಮಿಂಟ್ ಬಳಸುತ್ತೇನೆ. ಟೈಪಿಂಗ್ ಬಗ್ಗೆ ಹೆದರಬೇಡಿ ಅಣ್ಣಾ. ಲಿನಕ್ಸ್‌ನಲ್ಲಿ ಭಾಷೆ ಟೈಪಿಂಗ್‌ಗೆ ಇರುವ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ನುಡಿಯದೇ ಕಗಪ ಕೀಲಿಮಣೆ ಸಿಗುತ್ತದೆ, ಒತ್ತಕ್ಷರಕ್ಕೆ ಎಫ್ ಒತ್ತುವ ಕೈ ಅಭ್ಯಾಸ ಹಾಗೇ ನಡೆಯುತ್ತದೆ. ಗುಬ್ಬಿ, ನವಿಲು, ನೋಟೋ ಫಾಂಟ್‌ಗಳು ಮಿಂಟ್ ಸಾಫ್ಟ್‌ವೇರ್ ಇಳಿಸಿಕೊಳ್ಳುವ ರೆಪಾಸಿಟರಿಯಲ್ಲೇ ಇವೆ.

ನಿಜವಾದ ತಲೆನೋವು ಹಳೆಯ ಆಸ್ಕಿ ಫೈಲ್‌ಗಳು. ಅದರಲ್ಲಿ ಇರುವುದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಕೋಡ್‌ಗಳ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್. ಆ ನುಡಿ ಫಾಂಟ್ ಫೈಲನ್ನು ಲಿನಕ್ಸ್‌ಗೂ ಹಾಕಿದರೆ ವರ್ಡ್‌ನಂಥ ಲಿಬ್ರೆ ಆಫೀಸ್‌ನಲ್ಲಿ ಹಳೆಯ ಕಾಗದ ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದಲು ಹೊರಟರೆ ಕಷ್ಟ. ಆಸ್ಕಿಯಿಂದ ಯೂನಿಕೋಡ್‌ಗೆ, ಅಂದರೆ ನಿಜವಾದ ಕನ್ನಡ ಅಕ್ಷರದ ಕೋಡ್‌ಗೆ, ಬದಲಿಸುವ ಕನ್ವರ್ಟರ್‌ಗಳು ಇವೆ, ಮತ್ತೆ ಮತ್ತೆ ಬರುವ ಕರಾರುಪತ್ರದ ನಮೂನೆಗಳನ್ನು ಮೊದಲು ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ.

ಇನ್ನು ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7 ಬಂದಿದ್ದು 2001ರಲ್ಲಿ, ವಿಂಡೋಸ್‌ನಲ್ಲೇ ಅದನ್ನು ಎಷ್ಟು ದಿನ ಎಳೆಯುವುದು? ಲಿನಕ್ಸ್‌ನಲ್ಲಿ ಪುಟ ಜೋಡಿಸಲು ಸ್ಕ್ರೈಬಸ್ ಇದೆ, 2024ರಲ್ಲಿ ಬಂದ ಅದರ 1.6 ಆವೃತ್ತಿ ಕನ್ನಡ ಯೂನಿಕೋಡನ್ನು ಸರಿಯಾಗಿ ಜೋಡಿಸುತ್ತದೆ. ಆದರೆ ನಿಮ್ಮ ಪೇಜ್‌ಮೇಕರ್ ಫೈಲ್ ಸರಾಗವಾಗಿ ಅಲ್ಲಿಗೆ ಬರುತ್ತದೆ ಅಂದುಕೊಳ್ಳಬೇಡಿ, ಲಗ್ನಪತ್ರಿಕೆ ಹೊಸದಾಗೇ ಕಟ್ಟಬೇಕು.

ಲೆಕ್ಕಪತ್ರ:
ನಾನು ಬೇಡ ಅನ್ನುತ್ತೇನೆ. ಲೆಕ್ಕ ಬರೆಯುವ ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ಬೆರಳಚ್ಚಿನ ಮೆಷಿನ್, ಡಿಜಿಟಲ್ ಸಹಿಯ ಟೋಕನ್ ಇವುಗಳ ಜೊತೆ ಸಾಮಾನ್ಯವಾಗಿ ಕೊಡುವುದು ವಿಂಡೋಸ್ ಸಾಫ್ಟ್‌ವೇರೇ. ಲಿನಕ್ಸ್ ಪುಕ್ಕಟೆ, ಸರಿ, ಆದರೆ ಕೆಟ್ಟ ದಿನ ನಮ್ಮೂರಲ್ಲಿ ಯಾರು ರಿಪೇರಿ ಮಾಡುತ್ತಾರೆ? ವಿಂಡೋಸ್ ಆದರೆ ಪಕ್ಕದ ಅಂಗಡಿಯ ಹುಡುಗ ಬರುತ್ತಾನೆ. ಸದ್ಯಕ್ಕೆ ಮನೆಬಳಕೆಯವರಿಗೆ ವಿಂಡೋಸ್ 10ರ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಇದೆ. ಅಂಗಡಿಗೆ ಅದರ ನಿಯಮ ಬೇರೆ, ದುಡ್ಡೂ ಕೊಡಬೇಕು, ಆದರೂ ಎರಡು ಹೊಸ ಮೆಷಿನ್‌ಗಿಂತ ಕಡಿಮೆ.

ಸರ್ವರ್_ಹುಡುಗ:
ರಿಪೇರಿ ಮಾತು ಒಪ್ಪುತ್ತೇನೆ, ಅದು ಸಣ್ಣ ವಿಷಯ ಅಲ್ಲ. ಅದಕ್ಕೇ ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಸೇವಾ ಸಿಂಧು, ಬ್ರೌಸರ್, ಇಮೇಲ್ ನಡೆಯುವ ಮೆಷಿನ್‌ಗೆ ಲಿನಕ್ಸ್ ಹಾಕಿ, ವೈರಸ್ ಬರುವ ದಾರಿ ಅದೇ. ಪೇಜ್‌ಮೇಕರ್, ಹಳೆಯ ನುಡಿ ಫೈಲ್ ಇರುವ ಮೆಷಿನ್‌ನಲ್ಲಿ ವಿಂಡೋಸ್ 10 ಇರಲಿ, ಅದರ ಇಂಟರ್ನೆಟ್ ಸಂಪರ್ಕ ಮಾತ್ರ ಕಿತ್ತುಹಾಕಿ. ಗಿರಾಕಿಗಳ ಪೆನ್‌ಡ್ರೈವನ್ನು ಮೊದಲು ಲಿನಕ್ಸ್ ಮೆಷಿನ್‌ಗೇ ಹಾಕಿ, ಬೇಕಾದ ಫೈಲ್ ಮಾತ್ರ ವಿಂಡೋಸ್ ಮೆಷಿನ್‌ಗೆ ಕಳಿಸಿ.

ತುಂಗಾತೀರ:
ಇದು ಮಾಡಬಹುದು ಅನಿಸುತ್ತದೆ. ಪ್ರಿಂಟರ್ ಎಚ್‌ಪಿ ಲೇಸರ್‌ಜೆಟ್ ಎಂ1005, ನಡೆಯುತ್ತಾ?

ಅಕ್ಷರಜೋಡಕ:
ನಡೆಯುತ್ತದೆ. ಎಚ್‌ಪಿಲಿಪ್ ಅನ್ನುವ ಎಚ್‌ಪಿಯದೇ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ಈ ಮಾಡೆಲ್‌ಗೆ ಅದರ ಪ್ಲಗಿನ್ ಕೂಡ ಬೇಕು, ಅದನ್ನು ಇಳಿಸಿಕೊಳ್ಳುವಾಗ ಇಂಟರ್ನೆಟ್ ಇರಬೇಕು. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡುವ ಮೊದಲೇ ಒಂದು ಪ್ರಿಂಟ್, ಒಂದು ಸ್ಕ್ಯಾನ್ ತೆಗೆದು ನೋಡಿ. ಎಲ್ಲಾದರೂ ನಿಂತರೆ ಪರದೆ ಮೇಲಿನ ಎರರ್ ಫೋಟೋ ಇಲ್ಲೇ ಹಾಕಿ, ನೋಡೋಣ.