ಸಹಾಯ ಬೇಕು: ಆರು ವಾರಗಳಿಂದ ಊಟವಿಲ್ಲ, ಬರೀ ಪುಡಿ ಕಲಸಿದ ಪಾನೀಯ

ರಾತ್ರಿ ಪಾಳಿಯ ಕೆಲಸ, ಪಿಜಿಯಲ್ಲಿ ವಾಸ. ಅಡುಗೆಯ ರಗಳೆಯೇ ಬೇಡವೆಂದು ಆರು ವಾರಗಳಿಂದ ಊಟದ ಬದಲು ಕುಡಿಯುವ ಪುಡಿಯಲ್ಲೇ ದಿನ ದೂಡುತ್ತಿದ್ದೇನೆ. ದಿನಕ್ಕೆ ನಾಲ್ಕು ಲೋಟ. ಡಬ್ಬಿಯ ಪ್ರಕಾರ ಲೋಟಕ್ಕೆ 400 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಲೆಕ್ಕವೇನೋ ಸರಿ, ಹೊಟ್ಟೆ ಒಪ್ಪುತ್ತಿಲ್ಲ. ಮಲಬದ್ಧತೆ, ಜೊತೆಗೆ ಏನನ್ನಾದರೂ ಅಗಿಯಬೇಕೆಂಬ ಹುಚ್ಚು ಆಸೆ (ನಿನ್ನೆ ಪಕ್ಕದ ಕೋಣೆಯವರ ಚಕ್ಕುಲಿ ಡಬ್ಬಿ ಖಾಲಿ ಮಾಡಿದೆ!). ನೀರು ಹೆಚ್ಚಿಸಿದೆ, ಇಸಬ್‌ಗೋಲ್ ಬೆರೆಸಿದೆ, ಅಷ್ಟಕ್ಕಷ್ಟೆ. ಭಾನುವಾರ ಒಮ್ಮೆಲೇ ಮುದ್ದೆ, ಬಸ್ಸಾರು ಉಂಡೆ; ರಾತ್ರಿಯಿಡೀ ಹೊಟ್ಟೆ ಉಬ್ಬರ. ಪಾಳಿಯ ನಡುವಿನ ಲೋಟವನ್ನು ಬಿಡಲಾರೆ, ಉಳಿದದ್ದನ್ನು ಬಿಡಬಲ್ಲೆ. ಹೀಗಿದ್ದು ಮತ್ತೆ ಊಟಕ್ಕೆ ಮರಳಿದವರು ಇದ್ದೀರಾ? ಮೊದಲು ಯಾವ ಹೊತ್ತಿನದನ್ನು ಬಿಟ್ಟಿರಿ, ಅದರ ಬದಲು ಏನು ತಿಂದಿರಿ?